ವೈರ್‌ಲೆಸ್ಸಿನಲ್ಲಿ ಉತ್ತರ ಬಾರದಾಗ

ಚಿಕ್ಕಮಗಳೂರಿನ ಕತೆಗಾರರಿಗೆ ನಮಸ್ಕಾರ.

ನಿಮ್ಮ ‘ರಾತ್ರಿ ಪಾಳಿ’ ಕತೆ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಬೇಡ ಎಂದು ಬದಿಗಿಡಲೂ ಮನಸ್ಸು ಬರುತ್ತಿಲ್ಲ. ಜಿಲ್ಲಾ ಪೊಲೀಸ್ ಕಂಟ್ರೋಲ್ ರೂಮಿನ ವೈರ್‌ಲೆಸ್ ಆಪರೇಟರ್ ಒಬ್ಬಳು, ಚಾರ್ಮಾಡಿ ಘಾಟಿಗೆ ನೈಟ್ ರೌಂಡ್ಸ್ ಹೋದ ಎಎಸ್‌ಐ ಮತ್ತು ಡ್ರೈವರ್ ಕ್ಷೇಮವಾಗಿದ್ದಾರಾ ಎಂದು ರಾತ್ರಿಯಿಡೀ ವಿಚಾರಿಸುತ್ತಾಳೆ. ಕಳ್ಳರನ್ನು ಹಿಡಿಯುವ ಪೊಲೀಸರ ಕತೆಗಳು ನಮಗೆ ಬೇಕಾದಷ್ಟು ಬರುತ್ತವೆ. ಆ ಪೊಲೀಸರ ಕ್ಷೇಮ ಕೇಳುವವರ ಬಗ್ಗೆ ಯಾರೂ ಬರೆಯುವುದಿಲ್ಲ. ನೀವು ಬರೆದಿರಿ. ಅದಕ್ಕೇ ಇಷ್ಟು ಉದ್ದದ ಉತ್ತರ.

ನಾಲ್ಕನೇ ಪುಟದಲ್ಲಿ ಆಕೆ ಕರೆಯುತ್ತಾಳೆ, ಉತ್ತರ ಇಲ್ಲ. ಮುಂದಿನ ಸಾಲಿನಲ್ಲೇ ನೀವು ಅವಳನ್ನು ಬಿಟ್ಟು ಘಾಟಿಗೆ ಓಡಿದ್ದೀರಿ. ಅಲ್ಲಿ ಲಾರಿ ದರೋಡೆ, ಮಚ್ಚು, ಗುಂಡು. ಆಪರೇಟರ್ ಮತ್ತೆ ಕಾಣುವುದು ಕೊನೆಯ ಪುಟದಲ್ಲಿ. ಕತೆ ಕೈತಪ್ಪಿದ್ದು ಇಲ್ಲೇ.

ಆ ಘಾಟಿ ನಿಮಗೆ ಚೆನ್ನಾಗಿ ಗೊತ್ತು. ಕೊಟ್ಟಿಗೆಹಾರ ದಾಟಿದ ಮೇಲೆ ಕವಿಯುವ ಮಂಜು, ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಕೈಮುಗಿಯುವ ಲಾರಿಯವರು, ಎಲ್ಲ ಕಣ್ಣಿಗೆ ಕಟ್ಟುತ್ತದೆ. ಆದರೆ ಅದೇ ಬೆಟ್ಟ ವೈರ್‌ಲೆಸ್ಸಿಗೆ ಏನು ಮಾಡುತ್ತದೆ ಎಂದು ನೀವು ಬರೆದಿಲ್ಲ. ವಿಎಚ್‌ಎಫ್ ವೈರ್‌ಲೆಸ್ ಸೆಟ್ಟಿನ ರೇಡಿಯೊ ಅಲೆ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ. ಅದಕ್ಕೇ ಎತ್ತರದ ಜಾಗದಲ್ಲಿ ರಿಪೀಟರ್ ಇಟ್ಟು ಮಾತು ದಾಟಿಸುತ್ತಾರೆ. ಜೀಪು ಆಳದ ತಿರುವಿಗೆ ಇಳಿದು ನಡುವೆ ಗುಡ್ಡ ಅಡ್ಡ ಬಂದರೆ ಮಾತು ಕಟ್. ಸ್ವಲ್ಪ ಮುಂದೆ ಹೋದರೆ ಮತ್ತೆ ಸಿಗಬಹುದು. ಅಂದರೆ ಅಂಥ ದಾರಿಯಲ್ಲಿ ಉತ್ತರ ಬಾರದೇ ಇರುವುದು ಮಾಮೂಲು. ಇವತ್ತೂ ಗುಡ್ಡವೇ ಇರಬಹುದು. ಇಲ್ಲದೆಯೂ ಇರಬಹುದು. ಕುರ್ಚಿಯಲ್ಲಿ ಕೂತವಳಿಗೆ ಎರಡೂ ಒಂದೇ ತರ ಕೇಳಿಸುತ್ತದೆ. ಇದೇ ನಿಮ್ಮ ಕತೆ, ಅಲ್ವಾ?

ಈಗ ಅವಳು ಏನು ಮಾಡುತ್ತಾಳೆ? ಇನ್ನೊಂದು ಸಲ ಕರೆಯುತ್ತಾಳೆ. ಡ್ರೈವರ್ ಮೊಬೈಲಿಗೆ ಮಾಡುತ್ತಾಳೆ, ಸಿಗುವುದಿಲ್ಲ. ಘಾಟಿಗೆ ಹತ್ತಿರದ ಬಣಕಲ್ ಠಾಣೆಯವರಿಗೆ ಕರೆದು ನೋಡಲು ಹೇಳುತ್ತಾಳೆ. ಪರದೆಯಲ್ಲಿ ಜೀಪು ಎಲ್ಲಿದೆ ಎಂದು ತೋರಿಸುವ ಜಿಪಿಎಸ್ ಚುಕ್ಕಿ ಒಂದೇ ಕಡೆ ನಿಂತಿದೆ. ನೆಟ್‌ವರ್ಕ್ ಇಲ್ಲದ ಕಡೆ ಚುಕ್ಕಿ ನಿಂತರೆ ಜೀಪು ನಿಂತಿದೆ ಅಂತ ಹೇಳಲಾಗದು. ಘಾಟಿ ಇಳಿಯುತ್ತಾ ಜಿಲ್ಲೆಯೂ ಬದಲಾಗುತ್ತದೆ. ಆಚೆ ದಕ್ಷಿಣ ಕನ್ನಡ, ಅವರ ಕಂಟ್ರೋಲ್ ರೂಮ್ ಬೇರೆ. ಅವರಿಗೆ ಯಾವಾಗ ಹೇಳಬೇಕು? ಬೇಗ ಹೇಳಿದರೆ ಇನ್ನೊಂದು ಗಾಡಿ ಅದೇ ಮಂಜಿನೊಳಗೆ ಹೋಗಬೇಕು, ಅದರಲ್ಲೂ ಇಬ್ಬರು ಇರುತ್ತಾರೆ. ತಡ ಮಾಡಿದರೆ ಮೊದಲಿನ ಇಬ್ಬರ ಗತಿ? ಮಲಗಿರುವ ಇನ್‌ಸ್ಪೆಕ್ಟರನ್ನು ಎಬ್ಬಿಸಬೇಕಾ? ಇವನ್ನೆಲ್ಲ ಬರೆಯಿರಿ. ಮಚ್ಚು ಬೇಕಾಗುವುದೇ ಇಲ್ಲ.

ಅಪಾಯಕ್ಕೂ ದರೋಡೆಕೋರರೇ ಯಾಕೆ ಬೇಕು? ಹಗಲು ಬಂದೋಬಸ್ತ್ ಮುಗಿಸಿ ರಾತ್ರಿ ರೌಂಡ್ಸಿಗೆ ಹೊರಡುವವರಿದ್ದಾರೆ. ಆ ತಿರುವುಗಳಲ್ಲಿ ತೂಕಡಿಸುವ ಡ್ರೈವರಿಗಿಂತ ದೊಡ್ಡ ಅಪಾಯ ಯಾವುದು? ಉರುಳಿದ ಮರ, ರಸ್ತೆಗೆ ಬಂದ ಆನೆ ಕೂಡ ಇವೆ. ಒಳ್ಳೆಯ ಆಪರೇಟರ್ ಮಾತಿನ ಜೊತೆ ದನಿಯನ್ನೂ ಕೇಳಿಸಿಕೊಳ್ಳುತ್ತಾಳೆ. ದನಿ ಭಾರವಾಗಿದ್ದರೆ “ಟೀ ಕುಡಿದ್ರಾ ಸರ್?” ಅನ್ನುತ್ತಾಳೆ.

ನಿಮ್ಮ ಎಎಸ್‌ಐ ‘ಸರಿ, ಕೇಳಿಸಿತು’ ಅನ್ನಲು ‘ಟೆನ್ ಫೋರ್’ ಅನ್ನುತ್ತಾರೆ. ಅದನ್ನು ತೆಗೆಯಿರಿ. ಆ ಟೆನ್ ಕೋಡುಗಳು 1937ರ ಹೊತ್ತಿಗೆ ಅಮೆರಿಕದ ಇಲಿನಾಯ್ ಪೊಲೀಸರಲ್ಲಿ ಹುಟ್ಟಿದವು. ಆಗಿನ ರೇಡಿಯೊ ಗುಂಡಿ ಒತ್ತಿದ ಮೇಲೆ ಪೂರ್ತಿ ಕೆಲಸ ಶುರುಮಾಡಲು ಒಂದು ಕ್ಷಣ ಹಿಡಿಯುತ್ತಿತ್ತು. ಅಷ್ಟರಲ್ಲಿ ಮುಖ್ಯ ಮಾತು ಹಾರಿಹೋಗದಿರಲಿ ಎಂದು ಮುಂದೆ ‘ಟೆನ್’ ಸೇರಿಸಿದರು. ಅವರ ಸೆಟ್ಟಿನ ಕಷ್ಟಕ್ಕೆ ಅವರು ಕಂಡುಕೊಂಡ ದಾರಿ ಅದು. ಮೂಡಿಗೆರೆ ಕಡೆಯ ಎಎಸ್‌ಐ ಬಾಯಲ್ಲಿ ಟಿವಿಯಿಂದ ಬಂದಂತಿದೆ. ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ: “ಮಂಜು ಜಾಸ್ತಿ ಇದೆ ಮೇಡಂ, ನಿಧಾನಕ್ಕೆ ಬರ್ತಾ ಇದೀವಿ, ಓವರ್.” ನನಗೆ ತುಂಬಾ ಹಿಡಿಸಿದ ಸಾಲು. ಆಕೆ ಕೇಳಿದ್ದು ಲೊಕೇಶನ್. ಅವರು ಹೇಳಿದ್ದು, ಗಾಬರಿಯಾಗಬೇಡಿ ಅಂತ.

ಇನ್ನು ಕಾಲದ ವಿಷಯ. ಕತೆ 2019ರ ಆಗಸ್ಟ್ ಕೊನೆಯಲ್ಲಿ ನಡೆಯುತ್ತದೆ ಎಂದಿದ್ದೀರಿ. ಆ ತಿಂಗಳ ಮಳೆಗೆ ಗುಡ್ಡ ಕುಸಿದು ಚಾರ್ಮಾಡಿ ಬಂದ್ ಆಗಿತ್ತು. ಸಾಲುಗಟ್ಟಿ ಲಾರಿ ಎಲ್ಲಿಂದ ಬರಬೇಕು? ಕೊಟ್ಟಿಗೆಹಾರದ ಓದುಗರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. ವರ್ಷ ಬದಲಿಸಿ.

ಆಪರೇಟರ್ ತಂದೆಯೂ ಪೊಲೀಸ್, ಡ್ಯೂಟಿಯಲ್ಲೇ ತೀರಿಕೊಂಡರು ಎಂಬ ಪುಟವೂ ಬೇಡ. ಅವಳ ಕಾಳಜಿಗೆ ಅಂಥ ಕಾರಣ ಬೇಕಿಲ್ಲ. ಅದು ಅವಳ ಕೆಲಸ, ಅದನ್ನು ಶ್ರದ್ಧೆಯಿಂದ ಮಾಡುತ್ತಾಳೆ. ಅಷ್ಟು ಸಾಕು.

ಕಂಟ್ರೋಲ್ ರೂಮಿನಲ್ಲಿ ದುಡಿದು ನಿವೃತ್ತರಾದವರು ಯಾರಾದರೂ ಸಿಕ್ಕರೆ ಹೋಗಿ ಕೂತು ಮಾತಾಡಿ. ಎಷ್ಟು ಹೊತ್ತು ಉತ್ತರ ಬರದಿದ್ದರೆ ಭಯ ಶುರುವಾಗುತ್ತಿತ್ತು, ಆಗ ಮೊದಲು ಯಾರಿಗೆ ಹೇಳುತ್ತಿದ್ದರು ಎಂದು ಕೇಳಿ. ನಾಲ್ಕನೇ ಪುಟದಿಂದ ಮತ್ತೆ ಬರೆದು ನನ್ನ ಹೆಸರಿಗೇ ಕಳಿಸಿ. ಬಂದ ಕೂಡಲೇ ಓದುತ್ತೇನೆ.