ಚಾಕು ಯಾರ ಕೈಯಲ್ಲಿತ್ತು ಅಂತ ಬರೆಯೋದು ಲಾಗ್‌ಬುಕ್ಕಲ್ಲೇ

ಪ್ರಶ್ನೆ: ಮಗಳು ಖಾಸಗಿ ಕಾಲೇಜೊಂದರಲ್ಲಿ ಎಂಎಸ್ ಜನರಲ್ ಸರ್ಜರಿ ಎರಡನೇ ವರ್ಷದಲ್ಲಿದ್ದಾಳೆ. ಆಪರೇಷನ್ ಥಿಯೇಟರಲ್ಲಿ ಕೊಯ್ದ ಜಾಗ ಅಗಲಿಸಿ ಹಿಡಿಯುವ ರಿಟ್ರ್ಯಾಕ್ಟರ್ ಹಿಡಿದು ನಿಲ್ಲೋದೇ ಕೆಲಸ ಅಂತಾಳೆ. ಮೊನ್ನೆ ಇನ್‌ಸ್ಪೆಕ್ಷನ್ ಇದೆ ಅಂತ ಆರು ತಿಂಗಳ ಲಾಗ್‌ಬುಕ್ಕನ್ನು (ನೋಡಿದ, ಮಾಡಿದ ಕೇಸುಗಳನ್ನು ವಿದ್ಯಾರ್ಥಿ ಬರೆದಿಡುವ ಪುಸ್ತಕ) ಒಂದೇ ರಾತ್ರಿ ಬರೆಸಿದರಂತೆ. ವರ್ಷ ವರ್ಷ ಇದನ್ನೆಲ್ಲ ಯಾರೂ ನೋಡೋದಿಲ್ವಾ?
– ಒಬ್ಬ ತಾಯಿ, ಹಾಸನ

ಉತ್ತರ: ನೋಡುತ್ತಾರೆ ತಾಯಿ. ಬೋಧಕರು ಎಷ್ಟು, ಹಾಸಿಗೆ ಎಷ್ಟು, ಓಪಿಡಿಗೆ ಎಷ್ಟು ಜನ ಬಂದರು, ಎಷ್ಟು ಆಪರೇಷನ್ ಆಯಿತು ಅಂತ ಪ್ರತಿ ಕಾಲೇಜೂ ವರ್ಷಕ್ಕೊಮ್ಮೆ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ಘೋಷಣೆ ಕೊಡಬೇಕು. ಸುಳ್ಳು ಲೆಕ್ಕ ಕೊಟ್ಟರೆ 1 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು ಅಂತ 2023ರ ನಿಯಮದಲ್ಲೇ ಇದೆ.

ಆದರೆ ಇದು ಆಸ್ಪತ್ರೆಯ ಒಟ್ಟು ಲೆಕ್ಕ. ವರ್ಷದಲ್ಲಿ ಇಷ್ಟು ಹರ್ನಿಯಾ ಆಪರೇಷನ್ ಆಯಿತು ಅಂತ ಅದರಲ್ಲಿ ಬರುತ್ತದೆ, ಆಗ ಚಾಕು ಯಾರ ಕೈಯಲ್ಲಿತ್ತು, ನಿಮ್ಮ ಮಗಳು ಟೇಬಲ್ಲಿನ ಯಾವ ಕಡೆ ನಿಂತಿದ್ದಳು ಅನ್ನೋದು ಬರೋದಿಲ್ಲ. ಅದನ್ನು ಹೇಳೋದು ಲಾಗ್‌ಬುಕ್ ಒಂದೇ. ಅದಕ್ಕೇ ಆ ಒಂದು ರಾತ್ರಿಯ ಬರವಣಿಗೆ ಕೇಳಿ ನನಗೆ ಹೊಟ್ಟೆ ಉರಿಯಿತು.

ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣದ 2023ರ ನಿಯಮದ ಪ್ರಕಾರ ವಿದ್ಯಾರ್ಥಿ ಪ್ರತಿ ವಾರ ಲಾಗ್‌ಬುಕ್ ತುಂಬಬೇಕು, ಗೈಡ್ (ಮಾರ್ಗದರ್ಶಕ ಬೋಧಕರು) ಪ್ರತಿ ತಿಂಗಳು ನೋಡಿ ಸಹಿ ಹಾಕಬೇಕು. ನಾನು ಪಿಜಿ (ಸ್ನಾತಕೋತ್ತರ) ಗೈಡ್ ಆಗಿದ್ದಾಗ ಎಷ್ಟೋ ಪುಸ್ತಕ ನೋಡಿದ್ದೇನೆ. ಒಂದೇ ಸಲ ಕೂತು ಬರೆದದ್ದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಜನವರಿಯಿಂದ ಜೂನ್‌ವರೆಗೆ ಒಂದೇ ಪೆನ್ನಿನ ಇಂಕು, ಪುಟ ತಿರುಗಿಸಿದ ಹಾಗೆ ಸೋತು ವಾಲುವ ಅಕ್ಷರ, ಐಪಿ ನಂಬರ್ (ಒಳರೋಗಿಯ ಸಂಖ್ಯೆ) ಜಾಗ ಖಾಲಿ. ದಿನಾ ಬರೆದ ಪುಸ್ತಕದಲ್ಲಿ ಕಾಫಿ ಕಲೆ ಇರುತ್ತದೆ, ಹೊಡೆದು ಹಾಕಿದ ಸಾಲು ಇರುತ್ತದೆ, ‘ನೋಡಿದೆ’ ಅಂತಿದ್ದ ಕೇಸುಗಳು ತಿಂಗಳು ಕಳೆದ ಹಾಗೆ ‘ಅಸಿಸ್ಟ್ ಮಾಡಿದೆ’, ಆಮೇಲೆ ‘ಸೀನಿಯರ್ ಪಕ್ಕದಲ್ಲಿರುವಾಗ ನಾನೇ ಮಾಡಿದೆ’ ಅಂತ ಬದಲಾಗೋದು ಕಾಣುತ್ತದೆ. ಆ ಬದಲಾವಣೆ ಇಲ್ಲ ಅಂದರೆ ತರಬೇತಿ ನಡೆದಿಲ್ಲ ಅಂತಲೇ ಅರ್ಥ, ಅಲ್ವಾ?

ಮಗಳಿಗೆ ಹೇಳಿ, ಇವತ್ತಿಂದ ಡ್ಯೂಟಿ ಮುಗಿದ ಮೇಲೆ ಐದು ನಿಮಿಷ ಕೂತು ಇದ್ದದ್ದನ್ನು ಇದ್ದ ಹಾಗೆ ಬರೆಯಲಿ. ರಿಟ್ರ್ಯಾಕ್ಟರ್ ಹಿಡಿದಿದ್ದರೆ ಅಷ್ಟೇ ಬರೆಯಲಿ, ಸುಮ್ನೆ ‘ನಾನೇ ಮಾಡಿದೆ’ ಅಂತ ಬೇಡ. ತಿಂಗಳ ಕೊನೆಗೆ ಪುಸ್ತಕ ಹಿಡಿದು ಗೈಡ್ ಹತ್ತಿರ ಹೋಗಿ, ‘ಸರ್, ಈ ತಿಂಗಳು ಒಂದು ಕೇಸೂ ನನ್ನ ಕೈಗೆ ಬಂದಿಲ್ಲ’ ಅಂತ ತೋರಿಸಲಿ. ಅವರಿಂದ ಆಗದಿದ್ದರೆ ವಿಭಾಗದ ಮುಖ್ಯಸ್ಥರು (ಎಚ್‌ಓಡಿ), ಅಲ್ಲೂ ಆಗದಿದ್ದರೆ ಡೀನ್‌ಗೆ ಪತ್ರ, ಆಮೇಲೆ ವಿಶ್ವವಿದ್ಯಾಲಯ. ಪತ್ರದ ಜೊತೆ ಪುಟಗಳ ಪ್ರತಿ ಇಡಲಿ. ನೀವು ಹೋಗಿ ಜಗಳ ಆಡಬೇಡಿ, ಅದರ ಬಿಸಿ ತಟ್ಟೋದು ಅವಳಿಗೇ.

ಪ್ರಶ್ನೆ: ನಾನು ಎಂಡಿ ಮೊದಲ ವರ್ಷ. ವಾರಕ್ಕೆ ಎಷ್ಟು ಗಂಟೆ ಕೆಲಸ ಅಂತ ನಿಯಮ ಇದೆಯಾ? ಊರಿಗೆ ಹೋಗದೆ ನಾಲ್ಕು ತಿಂಗಳಾಯ್ತು.
– ಒಬ್ಬ ಪಿಜಿ, ಕಲಬುರಗಿ

ಉತ್ತರ: ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣದ 2023ರ ನಿಯಮ ‘ಸಮಂಜಸವಾದ ಕೆಲಸದ ಅವಧಿ’ ಅಂತ ಮಾತ್ರ ಹೇಳುತ್ತದೆ. ಗಂಟೆ ಎಷ್ಟು ಅಂತ ಹಾಕದೆ ಬಿಟ್ಟದ್ದು ದೊಡ್ಡ ತಪ್ಪು ಅಂತ ನನಗನ್ನಿಸುತ್ತದೆ. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕಾಗಿ ಆಯೋಗವೇ ಮಾಡಿದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆಗಿಂತ ಜಾಸ್ತಿ ಬೇಡ ಅಂತ ಶಿಫಾರಸು ಮಾಡಿತು. ಅದೇ ವರದಿಯ ಸಮೀಕ್ಷೆಯಲ್ಲಿ ಪಿಜಿಗಳ ಪೈಕಿ ಶೇಕಡಾ 31ರಷ್ಟು ಜನ ಆತ್ಮಹತ್ಯೆಯ ಯೋಚನೆ ಬಂದಿತ್ತು ಅಂತ ಹೇಳಿಕೊಂಡಿದ್ದಾರೆ. ಓದಿದ ದಿನ ನನಗೆ ಊಟ ಸೇರಲಿಲ್ಲ. ನಿಮ್ಮ ಮನಸ್ಸು ಆ ಕಡೆ ವಾಲುತ್ತಿದ್ದರೆ ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ರಜೆ ವಿಷಯ ಸ್ಪಷ್ಟವಾಗಿದೆ. ವಾರದ ರಜೆ ಕೆಲಸದ ಒತ್ತಡ ನೋಡಿಕೊಂಡು ಕೊಡುತ್ತಾರೆ. ವರ್ಷಕ್ಕೆ 20 ದಿನ ಸಂಬಳ ಸಹಿತ ರಜೆ, ಸಮ್ಮೇಳನ ಇತ್ಯಾದಿಗೆ ಬೇರೆ 5 ದಿನ. ಅದನ್ನು ಮೀರಿದರೆ ಅಷ್ಟೇ ದಿನ ಕೋರ್ಸ್ ಮುಂದಕ್ಕೆ ಹೋಗುತ್ತದೆ. ನಿಮ್ಮ 20 ದಿನದಲ್ಲಿ ಮೂರು ದಿನಕ್ಕೆ ಈ ವಾರವೇ ಅರ್ಜಿ ಬರೆದು ಕೊಟ್ಟು, ಊರಿಗೆ ಹೋಗಿ ನಿದ್ದೆ ಮಾಡಿ ಬನ್ನಿ.