ಬಿ.ಎಡ್. ಮಾಡಿದರೆ ಹಾಕಿದ ದುಡ್ಡು ವಾಪಸ್ ಬರುತ್ತಾ?

ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಕೆಲಸ ಸಿಕ್ಕರೆ ಬೇಗ ಬರುತ್ತದೆ. ಸಿಗದಿದ್ದರೆ ವರ್ಷಗಳೇ ಹಿಡಿಯುತ್ತವೆ. ಯಾಕಂದರೆ ಇಲ್ಲಿ ದೊಡ್ಡ ಖರ್ಚು ಕಾಲೇಜಿನ ಫೀಸಲ್ಲ, ದುಡಿಮೆಯಿಲ್ಲದೆ ಹೋಗುವ ಎರಡು ವರ್ಷ.

2015ರಿಂದ ಬಿ.ಎಡ್. ಎರಡು ವರ್ಷದ ಕೋರ್ಸ್. ನೀವೀಗ ತಿಂಗಳಿಗೆ 15,000 ರೂಪಾಯಿ ದುಡಿಯುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಕೆಲಸ ಬಿಟ್ಟು ಓದಿದರೆ ಕೈತಪ್ಪುವುದು 3.6 ಲಕ್ಷ. ಇದು ಯಾವ ರಸೀದಿಯಲ್ಲೂ ಕಾಣುವುದಿಲ್ಲ, ಅದಕ್ಕೇ ಲೆಕ್ಕ ಹಾಕುವಾಗ ಮರೆತುಹೋಗುತ್ತದೆ. ಫೀಸು, ಪಾಠ ಯೋಜನೆಯ ಪುಸ್ತಕ, ಚಾರ್ಟು, ಇಂಟರ್ನ್‌ಶಿಪ್‌ಗೆ ದಿನಾ ಓಡಾಡುವ ಬಸ್ ಚಾರ್ಜು ಎಲ್ಲ ಇದರ ಮೇಲೆ.

ಇನ್ನು ಗಳಿಕೆ. ಸರ್ಕಾರಿ ನೇಮಕಾತಿ ಪ್ರತಿ ವರ್ಷ ನಡೆಯುವುದಿಲ್ಲ. ಕಾಯುವಾಗ ಎಷ್ಟೋ ಜನ ಅತಿಥಿ ಶಿಕ್ಷಕರಾಗುತ್ತಾರೆ. ಕರ್ನಾಟಕದಲ್ಲಿ ಅದಕ್ಕೆ ಸಿಗುವುದು ತಿಂಗಳಿಗೆ 12 ಸಾವಿರದ ಆಸುಪಾಸು. ಅಂದರೆ ಬಿಟ್ಟುಬಂದ ಕೆಲಸಕ್ಕಿಂತ ಕಡಿಮೆ! ಮಕ್ಕಳ ಭವಿಷ್ಯ ಕೈಗಿಟ್ಟು ಇಷ್ಟು ಕೊಡುವುದು ಅನ್ಯಾಯ ಅಲ್ವಾ?

2023ರ ಆಗಸ್ಟ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ 1ರಿಂದ 5ನೇ ತರಗತಿಯ ಹುದ್ದೆಗೆ ಬಿ.ಎಡ್. ನಡೆಯುವುದಿಲ್ಲ, ಡಿ.ಎಲ್.ಎಡ್. (ಪ್ರಾಥಮಿಕ ಶಾಲಾ ಶಿಕ್ಷಕರ ಡಿಪ್ಲೊಮಾ) ಬೇಕು. ಪುಟ್ಟ ಮಕ್ಕಳಿಗೇ ಕಲಿಸಬೇಕು ಅಂತಿದ್ದರೆ ಸುಮ್ನೆ ಇದಕ್ಕೆ ಸೇರಬೇಡಿ.

ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕರೆ, ಅದರಲ್ಲೂ ಗಣಿತ ಅಥವಾ ವಿಜ್ಞಾನ ಓದಿದವರಾದರೆ, ಧೈರ್ಯವಾಗಿ ಸೇರಿ. ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟು ತಗೊಳ್ಳುವ ಮೊದಲು ಮಾತ್ರ ನಿಮ್ಮೂರಿನ ಎರಡು ಖಾಸಗಿ ಶಾಲೆಗೆ ಹೋಗಿ, ಹೊಸ ಟೀಚರಿಗೆ ಎಷ್ಟು ಸಂಬಳ ಕೊಡುತ್ತೀರಿ ಅಂತ ಕೇಳಿ.