ಬೆಣ್ಣೆ ಕಡೆದವರು ಯಾರೆಂಬುದನ್ನೂ ಬರೆಯಿರಿ

ಪ್ರಶ್ನೆ: ನನಗೆ 36 ವರ್ಷ, ದಾವಣಗೆರೆಯ ಹಳೇಪೇಟೆಯ ದೊಡ್ಡ ಕುಟುಂಬದವಳು. ನಮ್ಮ ಅಜ್ಜಿ ಕಳೆದ ವರ್ಷ 86ನೇ ವಯಸ್ಸಿನಲ್ಲಿ ತೀರಿಕೊಂಡರು. 1953ರಲ್ಲಿ, ಹದಿನೈದು ತುಂಬಿದಾಗ ಈ ಮನೆಗೆ ಸೊಸೆಯಾಗಿ ಬಂದವರು, ಓದುಬರಹ ಬರುತ್ತಿರಲಿಲ್ಲ. ತಾತನ ಹತ್ತಿ ಗಿರಣಿಯ ಸಂಬಳ ಸಾಲದೆ ಅಜ್ಜಿ ಎಮ್ಮೆ ಕಟ್ಟಿ, ದೋಸೆ ಹೋಟೆಲುಗಳಿಗೆ ಬೆಣ್ಣೆ ಹಾಕಿ ಮೂವರು ಗಂಡುಮಕ್ಕಳನ್ನು ಓದಿಸಿದರು. ದೊಡ್ಡಪ್ಪ ಇಂಜಿನಿಯರ್ ಆದರು. ಮನೆಯಲ್ಲಿ ಅಜ್ಜಿಯ ಮಾತೇ ಕೊನೆಯ ಮಾತಾಗಿತ್ತು, ನನಗಂತೂ ಅವರೇ ಸರ್ವಸ್ವವಾಗಿದ್ದರು. ಮೊದಲ ವರ್ಷದ ಪುಣ್ಯಸ್ಮರಣೆಗೆ ಸ್ಮರಣ ಸಂಚಿಕೆ ತರಲು ನಿರ್ಧರಿಸಿ, ಬರೆಯುವ ಹೊಣೆಯನ್ನು ನನಗೆ ವಹಿಸಿದ್ದಾರೆ. ಅಜ್ಜಿಯ ಟ್ರಂಕಿನಲ್ಲಿ, ಮನೆಯ ಪತ್ರಗಳ ನಡುವೆ, ಸೋದರತ್ತೆಯ ಶಾಲೆಯ ಟಿ.ಸಿ. ಸಿಕ್ಕಿತು. ಮಕ್ಕಳಲ್ಲೆಲ್ಲ ಹಿರಿಯರಾದ ಅವರನ್ನು 1972ರಲ್ಲಿ, ಒಂಬತ್ತನೇ ತರಗತಿಯಲ್ಲಿದ್ದಾಗ, ಅಜ್ಜಿಯೇ ಶಾಲೆ ಬಿಡಿಸಿದ್ದರಂತೆ. ಹಾಸಿಗೆ ಹಿಡಿದ ಅಜ್ಜಿಯನ್ನು ಕೊನೆಯ ನಾಲ್ಕು ವರ್ಷ ನೋಡಿಕೊಂಡವರೂ ಇದೇ ಸೋದರತ್ತೆ. 1998ರಲ್ಲಿ ಅವರ ಮಗಳನ್ನು ಟಿ.ಸಿ.ಎಚ್. (ಶಿಕ್ಷಕರ ತರಬೇತಿ) ಓದಿಸಲು ಅಜ್ಜಿ ತಮ್ಮ ಅವಲಕ್ಕಿ ಸರ ಅಡವಿಟ್ಟಿದ್ದರು. ದೊಡ್ಡಪ್ಪ ಮಾತ್ರ, ‘ಹಳೆಯದನ್ನು ಕೆದಕಬೇಡ, ಮಹಾತಾಯಿ ಅಂತ ಬರಿ, ಸಾಕು’ ಎನ್ನುತ್ತಾರೆ. ಅವರು ಬರೆಸಿರುವ ವಂಶವೃಕ್ಷದಲ್ಲಿ ಗಂಡುಮಕ್ಕಳ ಹೆಸರಷ್ಟೇ ಇದೆ. ಬರೆದರೆ ಅಜ್ಜಿಗೆ ದ್ರೋಹ, ಬಿಟ್ಟರೆ ಸೋದರತ್ತೆಗೆ ದ್ರೋಹ ಅನ್ನಿಸುತ್ತಿದೆ. ಏನು ಮಾಡಲಿ?

ಉತ್ತರ: ಅಜ್ಜಿ ಬೆಣ್ಣೆ ಹಾಕಿ ಮಕ್ಕಳನ್ನು ಓದಿಸಿದರು ಎಂದು ಬರೆದಿದ್ದೀರಿ. ನಿಮ್ಮ ಸಂಕಟಕ್ಕೆ ದಾರಿ ಆ ಒಂದು ವಾಕ್ಯದೊಳಗೇ ಇದೆ ಎಂದು ನನಗೆ ತೋರುತ್ತದೆ. ಬೆಣ್ಣೆಯ ವ್ಯವಹಾರ ಒಬ್ಬರ ಕೈಯಲ್ಲಿ ಸಾಗುವಂಥದ್ದಲ್ಲ. ಎಮ್ಮೆಗೆ ಮೇವು ಹಾಕಬೇಕು, ಸಗಣಿ ಬಾಚಬೇಕು, ಹಾಲು ಕರೆದು ಕಾಯಿಸಿ ಹೆಪ್ಪು ಹಾಕಬೇಕು; ದಾವಣಗೆರೆಯ ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ಕಡೆದರೆ ಬೆಣ್ಣೆ ಗಟ್ಟಿಯಾಗಿ ಕೂಡಿಕೊಳ್ಳದೆ ಮಜ್ಜಿಗೆಯಲ್ಲೇ ಜಿಡ್ಡಾಗಿ ತೇಲುವುದರಿಂದ, ಬೆಳಕು ಹರಿಯುವ ಮುಂಚೆ ಎದ್ದು ಕಡೆಗೋಲಿನ ಹಗ್ಗ ಹಿಡಿಯಬೇಕು. ಆಮೇಲೆ ತಣ್ಣೀರಿನಲ್ಲಿ ತೊಳೆದು, ಉಂಡೆ ಕಟ್ಟಿ, ತೂಗಿ, ಹೋಟೆಲಿನವರು ಒಲೆ ಹಚ್ಚುವ ಹೊತ್ತಿಗೆ ತಲುಪಿಸಬೇಕು. ಇಷ್ಟು ಕೆಲಸದ ನಡುವೆ ಗಂಡುಮಕ್ಕಳು ಹೊತ್ತಿಗೆ ಸರಿಯಾಗಿ ಶಾಲೆಗೆ ಹೋಗುತ್ತಿದ್ದರೆಂದರೆ, ಶಾಲೆ ಬಿಟ್ಟ ಹದಿನೈದರ ಆ ಹುಡುಗಿ ಬೆಳಗಿನ ಜಾವ ಎಲ್ಲಿರುತ್ತಿದ್ದಳು? ಇದನ್ನು ನೀವೂ ನಾನೂ ಊಹಿಸಿಕೊಂಡು ಬರೆಯಬಾರದು. ಸೋದರತ್ತೆಯವರ ಮುಂದೆ ಕುಳಿತು ಕೇಳಬೇಕು.

ಅವರನ್ನು ಕೇಳುವಾಗ, ‘ಶಾಲೆ ಬಿಡಿಸಿದ್ದಕ್ಕೆ ಬೇಸರವಿದೆಯೇ?’ ಎಂದು ಶುರುಮಾಡಬೇಡಿ. ಆ ಪ್ರಶ್ನೆಗೆ ಅವರ ವಯಸ್ಸಿನ ಹೆಂಗಸರು ‘ಏನಿಲ್ಲ ಬಿಡು’ ಎಂದು ಸುಮ್ಮನಾಗುತ್ತಾರೆ. ಎಷ್ಟು ಎಮ್ಮೆ ಇದ್ದವು, ಯಾವ ಹೋಟೆಲಿಗೆ ಎಷ್ಟು ಸೇರು ಹೋಗುತ್ತಿತ್ತು, ಓದು ಬಾರದ ಅಜ್ಜಿ ದಿನವೂ ಹಾಕುವ ಬೆಣ್ಣೆಯ ವರ್ತನೆಯ ಲೆಕ್ಕವನ್ನು ಗೋಡೆಯ ಮೇಲೆ ಗೀಟು ಹಾಕಿ ಇಡುತ್ತಿದ್ದರೋ ಬಾಯಲ್ಲೇ ಇಡುತ್ತಿದ್ದರೋ, ತಿಂಗಳ ಕೊನೆಗೆ ಅದನ್ನು ಕೂಡಿಸಿ ಹೇಳುತ್ತಿದ್ದವರು ಯಾರು ಎಂದು ಕೇಳಿ. ಕೆಲಸದ ಮಾತು ಬಂದರೆ ಉಳಿದದ್ದು ತಾನಾಗಿ ಬರುತ್ತದೆ. ಅವರು ಒಪ್ಪಿದರೆ ಆ ಮಾತನ್ನು ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ, ಏಕೆಂದರೆ 1960 ಮತ್ತು 70ರ ದಶಕದ ನಿಮ್ಮ ಮನೆಯ ಅಡುಗೆಕೋಣೆ, ಕೊಟ್ಟಿಗೆಗಳನ್ನು ಒಳಗಿನಿಂದ ಕಂಡವರಲ್ಲಿ ಉಳಿದಿರುವವರು ಬಹುಶಃ ಅವರೊಬ್ಬರೇ.

ಇನ್ನು ಅಜ್ಜಿಯ ವಿಷಯ. ಅವರು ಮದುವೆಯಾಗಿ ಬಂದ ಕಾಲಕ್ಕೆ ಹೆಣ್ಣಿಗೆ ಕಾನೂನು ಹೇಳುತ್ತಿದ್ದ ಕನಿಷ್ಠ ವಯಸ್ಸೇ 15; ಅದು 18 ಆದದ್ದು 1978ರಲ್ಲಿ. 1951ರ ಜನಗಣತಿಯಂತೆ ದೇಶದ ನೂರು ಹೆಂಗಸರಲ್ಲಿ ಓದುಬರಹ ಬಲ್ಲವರು ಒಂಬತ್ತು ಮಂದಿಯೂ ಇರಲಿಲ್ಲ. ಮಗಳನ್ನು ಶಾಲೆ ಬಿಡಿಸಿದ 1972, ದಖ್ಖನಿನ ಬಹುಭಾಗ ಬರಕ್ಕೆ ತುತ್ತಾದ ವರ್ಷ. ಇವುಗಳನ್ನು ಸಂಚಿಕೆಯಲ್ಲಿ ತಪ್ಪದೆ ಬರೆಯಿರಿ. ಆದರೆ ಅವುಗಳಿಂದ ಎಲ್ಲವೂ ಸರಿಹೋಗುತ್ತದೆ ಎಂದು ಭಾವಿಸಬೇಡಿ. ಅದೇ ಬರದಲ್ಲಿ, ಅದೇ ಮನೆಯಲ್ಲಿ ತಮ್ಮಂದಿರ ಓದು ನಿಲ್ಲಲಿಲ್ಲ; ಒಂದು ಮಗುವಿನ ಪಾಲು ಇನ್ನೊಂದಕ್ಕೆ ಹೋಯಿತು, ಹಾಗೆ ಹಂಚಿದವರು ಅಜ್ಜಿ. ಅವರು ಮಾಡಿದ್ದು ಇದು, ಆಗಿನ ಪರಿಸ್ಥಿತಿ ಇದು ಎಂದು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಸಾಕು, ತೀರ್ಪಿನ ಗೊಡವೆ ನಿಮಗೆ ಬೇಡ. ಕಷ್ಟದಲ್ಲಿ ಕಠಿಣ ನಿರ್ಧಾರ ತೆಗೆದುಕೊಂಡ ಹೆಂಗಸನ್ನು ಓದುವವರು ಗೌರವಿಸಬಲ್ಲರು. ‘ತ್ಯಾಗಮಯಿ, ಕರುಣಾಮಯಿ’ ಎಂಬ ಸಾಲುಗಳು ಯಾರ ಸಂಚಿಕೆಗಾದರೂ ಹೊಂದುತ್ತವೆ. ಅವುಗಳಲ್ಲಿ ನಿಮ್ಮ ಅಜ್ಜಿಯನ್ನು ಗುರುತಿಸುವುದು ಮೊಮ್ಮಕ್ಕಳಿಗೂ ಕಷ್ಟ.

ಅವಲಕ್ಕಿ ಸರದ ಸಂಗತಿ ನನಗೆ ಇಡೀ ಪತ್ರದಲ್ಲಿ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡಿತು. ಮಗಳನ್ನು ಶಾಲೆ ಬಿಡಿಸಿದ ಕೈಯೇ 26 ವರ್ಷಗಳ ನಂತರ ಆ ಮಗಳ ಮಗಳ ಓದಿಗೆ ಕೊರಳಿನ ಚಿನ್ನ ಬಿಚ್ಚಿಕೊಟ್ಟಿದೆ. ಆದರೆ ದಯವಿಟ್ಟು ಇದನ್ನು ಪಶ್ಚಾತ್ತಾಪ ಎಂದು ಬರೆಯಬೇಡಿ, ಅಜ್ಜಿ ಹಾಗೆಂದು ಯಾರಿಗಾದರೂ ಹೇಳಿದ್ದರೆ ಮಾತ್ರ ಬರೆಯಿರಿ. ಟಿ.ಸಿ.ಯನ್ನು ಐವತ್ತು ವರ್ಷ ಮನೆಪತ್ರದ ಜೊತೆ ಏಕೆ ಕಾದಿಟ್ಟರೆಂದು ವಿವರಿಸಲೂ ಹೋಗಬೇಡಿ. ಸರ ಅಡವಿಟ್ಟರು, ಟಿ.ಸಿ. ಟ್ರಂಕಿನಲ್ಲಿತ್ತು, ಅಷ್ಟೇ. ಸೋದರತ್ತೆಯವರು ಒಪ್ಪಿದರೆ ಆ ಟಿ.ಸಿ.ಯ ಚಿತ್ರವನ್ನೂ ಹಾಕಿಸಿ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರಲ್ಲಿ, ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಹಾಗಾಗಿ ಮನೆಯ ಚಿಕ್ಕಮಕ್ಕಳಿಗೆ, ಮೈಸೂರು ರಾಜ್ಯ, ಚಿತ್ರದುರ್ಗ ಜಿಲ್ಲೆಯ ಕಾಲದ ಆ ಹಾಳೆ ಊರಿನ ಚರಿತ್ರೆಯ ತುಣುಕೂ ಹೌದು.

ದೊಡ್ಡಪ್ಪನವರನ್ನು ಎದುರಾಳಿಯನ್ನಾಗಿ ಮಾಡಿಕೊಳ್ಳಬೇಡಿ. ‘ಕೆದಕಬೇಡ’ ಎನ್ನುವ ಅವರ ಮಾತಿನಲ್ಲಿ ತಾಯಿಯ ಮೇಲಿನ ಪ್ರೀತಿಯಷ್ಟೇ, ತಮ್ಮ ಓದಿಗೆ ಅಕ್ಕನ ಓದು ಖರ್ಚಾಯಿತೆಂಬ ಅರಿವೂ ಇರಬಹುದು. ಹಾಗಿದ್ದರೆ ಅದನ್ನು ಎಲ್ಲರ ಮುಂದೆ ಎತ್ತಿ ಆಡುವುದು ಕ್ರೌರ್ಯವಾಗುತ್ತದೆ. ಬಂಧುಗಳೆಲ್ಲ ಸೇರಿರುವಾಗ ಈ ಮಾತು ತೆಗೆಯದೆ, ಅವರೊಬ್ಬರೇ ಇರುವಾಗ ಬೆಣ್ಣೆಯ ಎರಡು ಪುಟ ಬರೆದುಕೊಂಡು ಹೋಗಿ ಓದಿ ಹೇಳಿ. ‘ದೊಡ್ಡಪ್ಪ, ಇದರಲ್ಲಿ ತಪ್ಪಿದ್ದರೆ ತಿದ್ದಿಕೊಡಿ’ ಎಂದು ಕೇಳಿ. ಊರಿನಲ್ಲಿ 1951ರಿಂದಲೇ ಇಂಜಿನಿಯರಿಂಗ್ ಕಾಲೇಜು ಇದ್ದುದರಿಂದ ಅವರು ಮನೆಯಲ್ಲೇ ಉಂಡು ಓದಿದವರಾಗಿದ್ದರೆ, ಆ ತುತ್ತಿನ ಹಿಂದೆ ಅಕ್ಕನ ದುಡಿಮೆ ಎಷ್ಟಿತ್ತೆಂದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅಕ್ಕನ ಬಗ್ಗೆ ಅರ್ಧ ಪುಟ ಅವರೇ ಬರೆಯುವಂತಾದರೆ ನಿಮ್ಮ ಭಾರ ಮುಕ್ಕಾಲು ಇಳಿದಂತೆ. ಒಪ್ಪದಿದ್ದರೆ ಜಗಳಕ್ಕೆ ಇಳಿಯದೆ, ನಿಮ್ಮ ಹೆಸರಿನ ಲೇಖನದಲ್ಲಿ ನೀವು ಕಂಡದ್ದನ್ನು ಬರೆಯುವಿರಿ ಎಂದು ವಿನಯದಿಂದ, ಆದರೆ ಸ್ಪಷ್ಟವಾಗಿ ಹೇಳಿಬಿಡಿ.

ಕೇಳದಿದ್ದರೂ ಒಂದು ಮಾತು. ಮನೆ ಅಜ್ಜಿಯ ಹೆಸರಿನಲ್ಲಿದ್ದು ಅವರು ಉಯಿಲು ಬರೆದಿಲ್ಲವಾದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಸ್ಮರಣ ಸಂಚಿಕೆಯಲ್ಲಿ ಹೆಸರು ಬಿಟ್ಟುಹೋದರೆ ಹಕ್ಕೇನೂ ಹೋಗುವುದಿಲ್ಲ. ಆದರೆ ಹೆಣ್ಣುಮಕ್ಕಳಿಲ್ಲದ ವಂಶವೃಕ್ಷ ಒಂದು ಕಡೆ ಅಚ್ಚಾದರೆ ಕಚೇರಿಗೆ ಕೊಡುವ ಅರ್ಜಿಗೂ ಅದೇ ನಕಲಾಗುವ ಅಭ್ಯಾಸ ನಮ್ಮಲ್ಲಿದೆ. ಈ ಒಂದು ಪುಟದ ವಿಷಯದಲ್ಲಿ ಮಾತ್ರ ನೀವು ಬಾಗಬೇಡಿ.

ಶಾಲೆ ಬಿಡಿಸಿದ ಪ್ರಸಂಗವನ್ನು ಅಚ್ಚು ಹಾಕಬೇಕೋ ಬೇಡವೋ ಎಂಬುದನ್ನು ನಿರ್ಧರಿಸಬೇಕಾದವರು ದೊಡ್ಡಪ್ಪನೂ ಅಲ್ಲ, ನೀವೂ ಅಲ್ಲ. ಅದು ಸೋದರತ್ತೆಯವರ ಬದುಕಿಗೆ ಸೇರಿದ್ದು. ಬೇಡ ಎಂದರೆ ಎರಡನೇ ಮಾತಿಲ್ಲದೆ ಬಿಡಿ, ಟಿ.ಸಿ.ಯನ್ನು ಅವರ ಕೈಗೇ ಕೊಡಿ. ಹಾಗೆ ಬಿಟ್ಟರೂ ಬೆಣ್ಣೆಯ ಪುಟಗಳಲ್ಲಿ ಅವರ ದುಡಿಮೆ, ಕೊನೆಯ ನಾಲ್ಕು ವರ್ಷದ ಆರೈಕೆ, ವಂಶವೃಕ್ಷದಲ್ಲಿ ಮೊದಲ ಮಗುವಾಗಿ ಅವರ ಹೆಸರು ಇರಲೇಬೇಕು. ಕರಡು ಸಿದ್ಧವಾದ ಮೇಲೆ ಮುದ್ರಣಾಲಯಕ್ಕೆ ಕೊಡುವ ಮುನ್ನ ಟಿ.ಸಿ.ಎಚ್. ಓದಿದ ಅವರ ಮಗಳಿಂದ ಒಮ್ಮೆ ತಿದ್ದಿಸಿ. ಹೆಸರು, ಇಸವಿ, ಕಾಗುಣಿತ ನೋಡಲು ಆ ಮನೆಯಲ್ಲಿ ಅವರಿಗಿಂತ ತಕ್ಕವರು ಸಿಗಲಾರರು.